ಓದುಗರಿಂದ ಪುಸ್ತಕಗಳನ್ನು ಕಾಪಾಡಿ

ಕಲಬುರಗಿಯಲ್ಲಿ ಒಂದು ದೊಡ್ಡ ಲೈಬ್ರರಿ ಇದೆ. ಹೆಸರು ಬೇಡ, ನನ್ನ ಕಾರ್ಡ್ ಇನ್ನೂ ಅಲ್ಲೇ ಇದೆ. ಅಪರೂಪದ ಪುಸ್ತಕಗಳಿಗೆ ಅಲ್ಲಿ ಗಾಜಿನ ಕಪಾಟು. ಪುಸ್ತಕದ ಬೆನ್ನು ಕಾಣುತ್ತದೆ, ಹೆಸರು ಓದಬಹುದು. ಅಲ್ಲಿಗೆ ಓದು ಮುಗಿಯಿತು.

"ಕೀಲಿ ಸಾಹೇಬ್ರ ಕಡಿ ಅದರಿ" ಅಂದ ಅಟೆಂಡರ್.

ಸಾಹೇಬರು ಎಲ್ಲಿ?

"ಟ್ರೇನಿಂಗಿಗೆ ಹೋಗ್ಯಾರ್ರಿ. ಲೈಬ್ರರಿಗೆ ಮಂದಿ ಜಾಸ್ತಿ ಬರೂಹಂಗ ಮಾಡೂದು ಹ್ಯಾಂಗ ಅಂತ."

ಕಪಾಟಿನ ಮೇಲೆ ನಮ್ಮ ದೇಶದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್. ಆರ್. ರಂಗನಾಥನ್ ಅವರ ಫೋಟೋ. ಪುಸ್ತಕ ಇರುವುದೇ ಬಳಸುವುದಕ್ಕೆ ಅಂತ 1931ರಲ್ಲೇ ಬರೆದಿಟ್ಟವರು. ಪ್ರತಿ ಆಗಸ್ಟ್ 12ಕ್ಕೆ, ಗ್ರಂಥಪಾಲಕರ ದಿನ ಅಂತ, ಅವರಿಗೆ ಹಾರ ಬೀಳುತ್ತದೆ. ಕೆಳಗಿನ ಬೀಗಕ್ಕೆ ಎಣ್ಣೆಯೂ ಬೀಳುವುದಿಲ್ಲ.

ಬೀಗ, ಸರಪಳಿ ನಾವೇ ಕಂಡುಹಿಡಿದದ್ದಲ್ಲ ಬಿಡಿ. ಆಕ್ಸ್‌ಫರ್ಡಿನ ಬೋಡ್ಲಿಯನ್ ಲೈಬ್ರರಿ 1602ರಲ್ಲಿ ಬಾಗಿಲು ತೆರೆದಾಗ ಅಲ್ಲೂ ಪುಸ್ತಕಕ್ಕೆ ಸರಪಳಿ ಹಾಕಿದ್ದರು. 1645ರಲ್ಲಿ ರಾಜ ಮೊದಲನೇ ಚಾರ್ಲ್ಸ್ ಒಂದು ಪುಸ್ತಕ ಕಳಿಸಿ ಅಂದರೆ, ಹೊರಗೆ ಕೊಡುವ ಪದ್ಧತಿ ಇಲ್ಲ ಅಂದುಬಿಟ್ಟರು. ಒಳಗೆ ಕೂತು ಓದುವವನಿಗೆ ಮಾತ್ರ ಪುಸ್ತಕ ಕೈಗೆ ಸಿಗುತ್ತಿತ್ತು. ನಮ್ಮವರು ಇದನ್ನು ಸ್ವಲ್ಪ ತಿದ್ದಿಕೊಂಡಿದ್ದಾರೆ. ದೊಡ್ಡ ಪ್ರೊಫೆಸರ್ ಮನೆಗೆ ಒಯ್ದ ಪುಸ್ತಕ, ಅವರು ರಿಟೈರ್ ಆಗಿ ಮೊಮ್ಮಗನ ಜವಳ ಮುಗಿದರೂ ವಾಪಸ್ ಬರುವುದಿಲ್ಲ. ಕೂತು ಓದುತ್ತೀನಿ ಅನ್ನುವ ಹುಡುಗಿ ಮಾತ್ರ ಗೈಡ್ ಸಹಿ, ವಿಭಾಗದ ಮುಖ್ಯಸ್ಥರ ಸಹಿ, ಎರಡು ಫೋಟೋ ತರಬೇಕು.

ಹಾಗಂತ ಲೈಬ್ರರಿ ಖಾಲಿ ಇದೆ ಅಂದುಕೊಳ್ಳಬೇಡಿ. ಓದುವ ಹಾಲ್‌ನಲ್ಲಿ ಬೆಳಿಗ್ಗೆ ಎಂಟಕ್ಕೇ ಟವೆಲ್ ಹಾಕಿ ಸೀಟು ಹಿಡಿಯುತ್ತಾರೆ. ಪಿಎಸ್‌ಐ, ಎಫ್‌ಡಿಎ, ಕೆಎಎಸ್ ಅಂತ ತಯಾರಿ ಮಾಡುವ ಹುಡುಗರು. ಪುಸ್ತಕ ಅವರದ್ದೇ, ನೀರಿನ ಬಾಟಲಿ ಅವರದ್ದೇ. ಲೈಬ್ರರಿಯಿಂದ ಬೇಕಾದದ್ದು ಫ್ಯಾನ್ ಮತ್ತು ಚಾರ್ಜಿಂಗ್ ಪಾಯಿಂಟ್. ಮೇ ತಿಂಗಳ ಕಲಬುರಗಿ ಬಿಸಿಲಲ್ಲಿ ಅವರನ್ನು ಬೈಯುವ ಧೈರ್ಯ ನನಗಿಲ್ಲ. ಆದರೆ ಕಾಲೇಜು, ವಿಶ್ವವಿದ್ಯಾಲಯಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುವ ವಾರ ನೋಡಬೇಕು. ಅದೇ ಹುಡುಗರು ದಿಢೀರ್ ಅಂತ "ಗ್ರಂಥಾಲಯದ ಸಂಪನ್ಮೂಲ ಬಳಸುವ ಓದುಗರು" ಆಗಿಬಿಡುತ್ತಾರೆ. ಹಾಜರಿ ಪುಸ್ತಕ ತುಂಬುತ್ತದೆ, ಅಂಕವೂ ಬರುತ್ತದೆ. ಫ್ಯಾನಿಗೆ ಒಂದು ಅಭಿನಂದನಾ ಪತ್ರ ಕೊಡಬಹುದಿತ್ತು, ಅಲ್ವಾ?

ಈ ಸೀಮೆಗೆ ಪುಸ್ತಕ ಹೊಸದಲ್ಲ. ಪಕ್ಕದ ಬೀದರಿನಲ್ಲಿ ಬಹಮನಿ ಸುಲ್ತಾನರ ಮಂತ್ರಿ ಮಹಮೂದ್ ಗವಾನ್ 1472ರಲ್ಲೇ ಮದರಸಾ ಕಟ್ಟಿಸಿದ. ಅದರಲ್ಲಿ 3,000 ಹಸ್ತಪ್ರತಿ ಇದ್ದವು ಅಂತಾರೆ. ಆಮೇಲೆ ಔರಂಗಜೇಬನ ಕಾಲದಲ್ಲಿ ಯಾರೋ ಜಾಣರಿಗೆ ಅಲ್ಲಿ ಮದ್ದುಗುಂಡು ಇಡಲು ಜಾಗ ಕಂಡಿತು. 1696ರಲ್ಲಿ ಅದು ಸಿಡಿದು ಕಟ್ಟಡದ ದೊಡ್ಡ ಭಾಗವೇ ಹಾರಿಹೋಯಿತು. ಎದುರಿನ ಎರಡು ಮಿನಾರುಗಳಲ್ಲಿ ಈಗ ಉಳಿದಿರುವುದು ಒಂದು.

ನಮ್ಮ ಸಾಹೇಬರು ಆ ಮಟ್ಟಕ್ಕೆ ಇಳಿದಿಲ್ಲ. ಸಂಶೋಧಕರ ಕೋಣೆಯಲ್ಲಿ ಇಟ್ಟಿರುವುದು ಬರೀ ಕಾಲು ಮುರಿದ ಕುರ್ಚಿ, ಕೆಟ್ಟ ಪ್ರಿಂಟರ್, ಹೋದ ಘಟಿಕೋತ್ಸವದ ಫ್ಲೆಕ್ಸ್. ಹರಾಜಿನ ಫೈಲ್ ಮಂಜೂರಾಗುವವರೆಗೆ ಸಂಶೋಧಕರು ವರಾಂಡದಲ್ಲಿ ಕೂರಬೇಕಂತೆ. ಸ್ಟೂಲ್ ಮಾತ್ರ ಮನೆಯಿಂದ ತರಬೇಕು.