ಕಡಲಿಗೆ ಕಲ್ಲು, ಕಡತಕ್ಕೆ ಗೋಡೆ

ಮುಸೋಡಿಯಿಂದ ತೃಕ್ಕನ್ನಾಡಿನ ತನಕ ಕಾಸರಗೋಡಿನ ಕಿನಾರೆಯಲ್ಲಿ ಎಲ್ಲೇ ಆಗಲಿ, ಕಡಲಿಗೆ ತಡೆಗೋಡೆ ಕಟ್ಟಲು ಪ್ರಶಸ್ತ ತಿಂಗಳು ಜುಲೈ. ಬೇಸಿಗೆಯಲ್ಲಾದರೆ ಬುಡ ಅಗೆಯಬೇಕು, ಹೊಯ್ಗೆ ಸೋರದಂತೆ ಜಿಯೋ ಬಟ್ಟೆ ಹಾಸಬೇಕು, ಅದರ ಮೇಲೆ ಸಣ್ಣ ಕಲ್ಲು, ಆಮೇಲೆ ದೊಡ್ಡ ಕರಿಗಲ್ಲು ಎಂದು ಪದರ ಪದರವಾಗಿ ಜೋಡಿಸಬೇಕು. ಯಾರಾದರೂ ಟೇಪು ಹಿಡಿದು ಅಳೆದರೂ ಅಳೆದಾರು. ಆಟಿಯ ಮಳೆಯಲ್ಲಿ ಈ ರಗಳೆಯಿಲ್ಲ. ನಾಲ್ಕು ತೆಂಗು ಉರುಳಿ, ಒಂದು ಮನೆಯ ಅಡುಗೆಕೋಣೆ ನೀರುಪಾಲಾದ ಮೇಲೆ ಕಡತಕ್ಕೆ 'ತುರ್ತು' ಎಂಬ ಮುದ್ರೆ ಬೀಳುತ್ತದೆ. ಟಿಪ್ಪರ್ ಹಿಮ್ಮುಖವಾಗಿ ಬಂದು ಕಲ್ಲು ಸುರಿದು ಹೋಗುತ್ತದೆ. ಎಷ್ಟು ಲೋಡು ಎಂಬುದಕ್ಕೆ ಕಡಲೇ ಸಾಕ್ಷಿ. ಅದು ಈ ತನಕ ಆಡಿಟಿನವರ ಮುಂದೆ ಬಾಯಿಬಿಟ್ಟದ್ದಿಲ್ಲ.

ಆ ಕಲ್ಲು ಎಲ್ಲಿಗೆ ಹೋಗುತ್ತದೆ? ಕೆಳಕ್ಕೆ. ಗೋಡೆಗೆ ಬಡಿದ ತೆರೆ ಹಿಂದಿರುಗುವಾಗ ಬುಡದ ಹೊಯ್ಗೆಯನ್ನು ಕೊರೆದುಕೊಂಡೇ ಹೋಗುತ್ತದೆ. ಅಡಿಯಲ್ಲಿ ಬಟ್ಟೆ ಇಲ್ಲದಿದ್ದರೆ ಕಲ್ಲಿನ ಸಂದಿಯಿಂದಲೂ ಹೊಯ್ಗೆ ಸೋರುತ್ತದೆ. ಕಲ್ಲು ಹೂತು ಗೋಡೆ ತಗ್ಗಿತು ಎಂದರೆ ಮರುವರ್ಷ 'ಎತ್ತರಿಸುವ ಕಾಮಗಾರಿ'. ಗೋಡೆ ಮುಗಿಯುವಲ್ಲಿ ಕೊರೆತ ಪಕ್ಕದ ಹಿತ್ತಿಲಿಗೆ ನುಗ್ಗುತ್ತದೆ. ಹಾಗಾಗಿ ಕಂಟ್ರಾಕ್ಟುದಾರರು ಮುಂದಿನ ಎಸ್ಟಿಮೇಟು ಹುಡುಕಿ ಅಲೆಯಬೇಕಾಗಿಲ್ಲ, ಗೋಡೆಯ ತುದಿಯಲ್ಲಿ ನಿಂತರೆ ಸಾಕು.

ನವೆಂಬರಿನ ಹೊತ್ತಿಗೆ ಕಡಲು ಶಾಂತವಾಗಿ, ಮಳೆಗಾಲದಲ್ಲಿ ಎಳೆದೊಯ್ದ ಹೊಯ್ಗೆಯಲ್ಲಿ ಒಂದಷ್ಟನ್ನು ತಾನೇ ತಂದು ಹಾಕುತ್ತದೆ. ಗೋಡೆ ಇಲ್ಲದ ಕಡೆಯೂ ಹಾಕುತ್ತದೆ, ಅದು ಬೇರೆ ಮಾತು. ಕಾಮಗಾರಿ ಫಲ ಕೊಟ್ಟಿತೆಂದು ಫೋಟೋ ತೆಗೆಯುವುದು ಆಗಲೇ.

ಕಡಲಿಗೆ ಮಾತ್ರ ಟೆಂಡರಿನ ಪರಿಜ್ಞಾನವಿಲ್ಲ. 2021ರಲ್ಲಿ ತೌಕ್ತೆ ಚಂಡಮಾರುತ ಮಳೆಗಾಲಕ್ಕೂ ಕಾಯದೆ ಮೇ ತಿಂಗಳಲ್ಲೇ ಬಂತು. ಅರಬ್ಬಿ ಕಡಲು ಬಿಸಿಯೇರುತ್ತಿದೆ, ಚಂಡಮಾರುತಗಳು ಬಲಿಯುತ್ತಿವೆ ಎಂದು ವಿಜ್ಞಾನಿಗಳು ಹೇಳುತ್ತಲೇ ಇದ್ದಾರೆ. ಎಸ್ಟಿಮೇಟಿನಲ್ಲಿ ಅದಕ್ಕೊಂದು ಕಾಲಂ ಇಲ್ಲ. ಎಚ್ಚರಿಕೆಯ ಫಲಕವೂ ಮಲೆಯಾಳದಲ್ಲೇ. ಕನ್ನಡಿಗರಿಗೆ ಬೇಡವೆಂದಲ್ಲ, ಕಡಲಿಗಾದರೂ ಮುಟ್ಟಲಿ ಎಂದಿರಬೇಕು.

ಮನೆ ಬಿಟ್ಟು ಹೋಗಲು ಒಪ್ಪುವವರಿಗೆ ಕೇರಳ ಸರಕಾರದ 'ಪುನರ್ಗೇಹಂ' ಯೋಜನೆ ಇದೆ: ಉಬ್ಬರದ ಗೆರೆಯಿಂದ 50 ಮೀಟರ್ ಒಳಗಿರುವ ಮೀನುಗಾರ ಕುಟುಂಬಕ್ಕೆ ಜಾಗ, ಮನೆ ಎರಡಕ್ಕೂ ಸೇರಿ 10 ಲಕ್ಷ ರೂಪಾಯಿ. 51ನೇ ಮೀಟರಿನವರು ಗಾಬರಿಪಡಬೇಕಾಗಿಲ್ಲ. ಒಂದು ಮಳೆಗಾಲ ತಡೆದುಕೊಂಡರೆ ಕಡಲೇ ಅಂಗಳಕ್ಕೆ ಬಂದು ಅರ್ಹತಾಪತ್ರ ಕೊಟ್ಟು ಹೋಗುತ್ತದೆ.