32 ಸರಿ ಇತ್ತು

ಗೈಡ್ಸ್ ಬೇಸಿಗೆ ಶಿಬಿರಕ್ಕೆ ಕ್ಯಾಪ್ಟನ್ ಆಗಿ ಯಾರು ಹೋಗ್ತೀರಾ ಅಂತ ಹೆಡ್ ಮಿಸ್ ಕೇಳಿದಾಗ ನನ್ನ ಬಾಯಲ್ಲಿ ಬಿಸಿ ಬೋಂಡಾ ಇತ್ತು. ಅದನ್ನು ನುಂಗಿ ಬೇಡ ಅನ್ನುವಷ್ಟರಲ್ಲಿ ನನ್ನ ಹೆಸರು ಬರೆದಾಗಿತ್ತು. 32 ಹೆಣ್ಣುಮಕ್ಕಳು, ಮೂರು ರಾತ್ರಿ, ದೇವರಾಯನದುರ್ಗದ ತಪ್ಪಲು. ಜೊತೆಗೆ ಪಿ.ಟಿ. ಮಿಸ್ ಮತ್ತು ಅಡುಗೆಗೆ ಒಬ್ಬರು ಅಜ್ಜಿ.

ಪಿ.ಟಿ. ಮಿಸ್‌ಗೆ ಎಲ್ಲವೂ ನಿಯಮದ ಪ್ರಕಾರವೇ ಆಗಬೇಕು. ಗೈಡ್ಸ್‌ನಲ್ಲಿ ಕೈ ಕುಲುಕೋದು ಎಡಗೈಯಲ್ಲಿ. ಇವರು ಬಸ್ಸಿಂದ ಇಳಿದವರೇ ಅಜ್ಜಿಯ ಮುಂದೆ ಎಡಗೈ ಚಾಚಿದರು. ಅಜ್ಜಿ ಆ ಕೈಯನ್ನೊಮ್ಮೆ, ಮುಖವನ್ನೊಮ್ಮೆ ನೋಡಿದರು. "ಅಡುಗೆ ಮಾಡೋಳಿಗೆ ಎಡಗೈ ಕೊಡ್ತೀರೇನಮ್ಮ? ಹೋಗಿ ಕೈ ತೊಳ್ಕೊಂಡು ಬನ್ನಿ." ಹುಡುಗಿಯರ ಮುಂದೆ ಪಿ.ಟಿ. ಮಿಸ್ ಹೋಗಿ ಕೈ ತೊಳೆದು ಬಂದರು. ಎರಡೂ ಕೈ.

ನನ್ನ ಮರ್ಯಾದೆ ಸಂಜೆವರೆಗೂ ಉಳಿದಿತ್ತು. ಟೆಂಟಿನ ಹಗ್ಗಕ್ಕೆ ಕ್ಲೋವ್ ಹಿಚ್ ಗಂಟು ಹಾಕೋದು ಹೇಗೆ ಅಂತ ಎಲ್ಲರನ್ನೂ ಸುತ್ತ ಕೂರಿಸಿಕೊಂಡು ತೋರಿಸಿದೆ. ಚಪ್ಪಾಳೆ ಬಿತ್ತು, ಹಿಂದೆಯೇ ಟೆಂಟೂ ಬಿತ್ತು. ಅಜ್ಜಿ ಮುದ್ದೆ ಕೋಲು ಬದಿಗಿಟ್ಟು ಬಂದು, ಎರಡು ಸುತ್ತು ಸುತ್ತಿ ಎಳೆದರು. "ನಾವು ಹಸು ಕಟ್ಟೋದೂ ಹಿಂಗೇ," ಅಂದರು. ಆಮೇಲೆ ಗಂಟಿನ ಅನುಮಾನ ಬಂದ ಹುಡುಗಿಯರೆಲ್ಲ ನನ್ನನ್ನು ದಾಟಿಕೊಂಡು ಅಡುಗೆಮನೆ ಕಡೆಗೇ ಹೋಗುತ್ತಿದ್ದರು.

ಬೆಳಿಗ್ಗೆ ಕ್ಯಾತ್ಸಂದ್ರದಿಂದ ತಟ್ಟೆ ಇಡ್ಲಿ ತರಿಸಿದ್ದೆವು. ಕೋತಿಗಳಿಗೂ ಅದು ತುಂಬಾ ಹಿಡಿಸಿತು. ಆ ವಿಷಯ ಜಾಸ್ತಿ ಬೇಡ.

ಕ್ಯಾಪ್ಟನ್ ಅಂದರೆ ಕೊನೆಗೂ ಎಣಿಸುವವಳು. ಊಟಕ್ಕೆ ಮೊದಲು ಎಣಿಸು, ಬೆಟ್ಟ ಹತ್ತಿ ಎಣಿಸು, ಇಳಿದು ಎಣಿಸು. ನಡುನಡುವೆ ಫೋನು: "ಮಿಸ್, ನಮ್ಮ ಪಾಪು ಹಾಲು ಕುಡೀತಾ?" ಪಾಪುಗೆ 14 ವರ್ಷ. ನನಗಿಂತ ಎತ್ತರ.

ಎರಡನೇ ರಾತ್ರಿ ಹನ್ನೊಂದಕ್ಕೆ ಟಾರ್ಚ್ ಹಿಡಿದು ಎಣಿಸಿದೆ. 33. ಮತ್ತೆ ಎಣಿಸಿದೆ. 33. ಒಬ್ಬಳು ಕಡಿಮೆಯಾಗಿದ್ದರೆ ಕೂಗಿ ಹುಡುಕಬಹುದು. ಜಾಸ್ತಿಯಾದರೆ ಏನಂತ ಕೂಗೋದು? ಪಿ.ಟಿ. ಮಿಸ್ ಎದ್ದು ಬಂದು ಎಣಿಸಿದರು. ಅವರಿಗೂ 33 ಬಂತು. ಇಬ್ಬರೂ ಮಾತಿಲ್ಲದೆ ಹತ್ತಿರ ಹತ್ತಿರ ನಿಂತೆವು. ಹುಡುಗಿಯರಿಗೆ ಹೊತ್ತು ಮುಳುಗುತ್ತಲೇ ಧೈರ್ಯದ ಬಗ್ಗೆ ಭಾಷಣ ಮಾಡಿದ್ದು ನಾವೇ.

ಕೊನೆಗೆ ಒಂದೊಂದೇ ಹೊದಿಕೆ ಸರಿಸಿ ನೋಡಿದರೆ, ಮೂರನೇ ಟೆಂಟಿನ ಮೂಲೆಯಲ್ಲಿ ಅಜ್ಜಿಯ ಮೊಮ್ಮಗಳು. ಆರು ವರ್ಷದ್ದು. ಯಾರದೋ ಗೈಡ್ ಸ್ಕಾರ್ಫ್ ಕೊರಳಿಗೆ ಸುತ್ತಿಕೊಂಡು, ಒಂದು ಕೈಲಿ ಅರ್ಧ ಬಿಸ್ಕತ್ತು ಹಿಡಿದೇ ನಿದ್ದೆ ಹೋಗಿತ್ತು. ಸ್ಕಾರ್ಫ್ ನಮಗಿಂತ ನೀಟಾಗಿ ಕಟ್ಟಿಕೊಂಡಿತ್ತು. ಎಬ್ಬಿಸಲು ಮನಸ್ಸಾಗಲಿಲ್ಲ. ಮಾರನೇ ದಿನದಿಂದ ಅದನ್ನೂ ಸಾಲಲ್ಲಿ ನಿಲ್ಲಿಸಿಕೊಂಡು, ಲೆಕ್ಕದಲ್ಲಿ ಒಂದು ಕಳೆಯುವುದು ರೂಢಿಯಾಯಿತು.

ವಾಪಸ್ ಬರುವಾಗ ನಾಮದ ಚಿಲುಮೆಯಲ್ಲಿ ಬಸ್ ನಿಲ್ಲಿಸಿದೆವು. ರಾಮ ಹಣೆಗೆ ನಾಮ ಇಟ್ಟುಕೊಳ್ಳಲು ನೀರಿಲ್ಲದೆ ಬಂಡೆಗೆ ಬಾಣ ಬಿಟ್ಟನಂತೆ, ಆಗ ಚಿಮ್ಮಿದ ನೀರಂತೆ ಅದು. ಕಥೆ ಹೇಳಿ, ನೀರು ತೋರಿಸಿ, ಎಲ್ಲರನ್ನೂ ಬಸ್ಸಿಗೆ ಹತ್ತಿಸಿ ಎಣಿಸಿದೆ. ಮುಂದಿನಿಂದ 32. ಹಿಂದಿನಿಂದಲೂ 32. ಮೂರು ದಿನದಲ್ಲಿ ಮೊದಲ ಸಲ ಲೆಕ್ಕ ತಾಳೆಯಾಗಿತ್ತು! "ರೈಟ್" ಅಂದೆ. ಕಿಟಕಿ ಪಕ್ಕ ಕೂತು ಕಣ್ಣು ಮುಚ್ಚಿದೆ.

ತುಮಕೂರು ಹತ್ತಿರವಾಗುವಾಗ ಫೋನ್ ಬಂತು. ಯಾವುದೋ ಪಾಪುವಿನ ಅಮ್ಮ ಇರಬೇಕು ಅಂತ ಎತ್ತಿದೆ.

"ಕ್ಯಾಪ್ಟನ್," ಅಂದರು ಪಿ.ಟಿ. ಮಿಸ್, ಉಸಿರು ಬಿಗಿಹಿಡಿದು. "ನಾಮದ ಚಿಲುಮೆಯಲ್ಲೇ ನನಗೆ ನಾಮ ಹಾಕಿ ಹೋದ್ರಲ್ಲ!"