ಜುಲೂಸ್ ಅಂದ್ರೆ ಕೂತ್ಕೋ ಅಂತ

ಜನವರಿ ತಿಂಗಳು. ಕಾಫಿ ಕೊಯ್ಲು ಜೋರು. ಮಡಿಕೇರಿಯ ಜನರಲ್ ತಿಮ್ಮಯ್ಯ ವೃತ್ತದ ಹತ್ತಿರ ನಮ್ಮ ಜೀಪು ನಿಂತು ಮುಕ್ಕಾಲು ಗಂಟೆಯಾಗಿತ್ತು. ಮುಂದೆ ರಸ್ತೆ ಸುರಕ್ಷತಾ ಜಾಥಾ. ರಸ್ತೆ ಎಷ್ಟು ಸುರಕ್ಷಿತವಾಗಿತ್ತೆಂದರೆ, ಅದರ ಮೇಲೆ ಒಂದು ಚಕ್ರವೂ ಉರುಳುತ್ತಿರಲಿಲ್ಲ.

‘ಎಂಥ ಮೆರವಣಿಗೆ ಅಣ್ಣ ಇದು?’ ಅಂದ ಡ್ರೈವರ್, ಎಂಜಿನ್ ಆಫ್ ಮಾಡುತ್ತಾ.

ನನಗೆ ಒಂದು ಕೆಟ್ಟ ಚಾಳಿ. ಯಾರಾದರೂ ಒಂದು ಪದ ಬಾಯಿಬಿಟ್ಟರೆ ಸಾಕು, ಅದರ ಅಪ್ಪ ಯಾರು, ಅಜ್ಜ ಯಾರು ಅಂತ ಕೆದಕಲು ಕೂರುತ್ತೇನೆ. ಮನೆಯಲ್ಲಿ ಬೈಸಿಕೊಳ್ಳುತ್ತೇನೆ. ಜೀಪಿನಲ್ಲಿ ಬೈಯುವವರಿರಲಿಲ್ಲ, ಹೊತ್ತೂ ಬೇಕಾದಷ್ಟಿತ್ತು.

ಬರೆ, ಬರವಣಿಗೆ. ಬೆಳೆ, ಬೆಳವಣಿಗೆ. ಹಾಗೇ ಮೆರೆ, ಮೆರವಣಿಗೆ. ಮೆರೆ ಅಂದರೆ ಹೊಳೆ, ನಾಲ್ಕು ಜನರ ಕಣ್ಣಿಗೆ ಬೀಳು. ಮಡಿಕೇರಿಯಲ್ಲೂ ಇದ್ದು ಹೋದ ಕಿಟೆಲ್ ಸಾಹೇಬರ 1894ರ ನಿಘಂಟು ತೆಗೆದು ನೋಡಿ, ಈ ಹೊಳಪೇ ಸಿಗುತ್ತದೆ. ನಿಘಂಟು ಬೇಡವೆಂದರೆ ಅಮ್ಮನ ಮಾತು ನೆನಪು ಮಾಡಿಕೊಳ್ಳಿ: ‘ಜಾಸ್ತಿ ಮೆರೀಬೇಡ!’ ಗಮನಿಸಿ, ಈ ಪದದ ಒಳಗೆ ನಡೆಯುವುದು ಎಲ್ಲೂ ಇಲ್ಲ. ಊರು ತಲುಪುವುದೂ ಇಲ್ಲ. ಬರೀ ಮೆರೆಯುವುದು. ಇಷ್ಟು ಪ್ರಾಮಾಣಿಕವಾದ ಪದ ಕನ್ನಡದಲ್ಲಿ ಕಡಿಮೆ. ಅದಕ್ಕೇ ಇರಬೇಕು, ಆಮಂತ್ರಣ ಪತ್ರಿಕೆ ಅಚ್ಚು ಹಾಕಿಸುವವರಿಗೆ ಅದು ಆಗಿಬರುವುದಿಲ್ಲ. ಅವರಿಗೆ ಜಾಥಾ ಬೇಕು.

ಜಾಥಾ ಪಂಜಾಬಿನ ಕಡೆಯದು. ಅಲ್ಲಿ ಜತ್ಥಾ ಅಂದರೆ ತಂಡ, ಸಿಖ್ಖರ ದಂಡು. 1922ರಲ್ಲಿ ಅಮೃತಸರದ ಹತ್ತಿರದ ಗುರು ಕಾ ಬಾಗ್‌ನಲ್ಲಿ ಅಕಾಲಿ ಜತ್ಥಾಗಳು ಕೈ ಎತ್ತದೆ ಪೊಲೀಸರ ಲಾಠಿಗೆ ಮೈಯೊಡ್ಡಿದವು. ನಮ್ಮ ಜಾಥಾದಲ್ಲಿ ಏಳನೇ ಕ್ಲಾಸಿನ ಮಕ್ಕಳು ಬಿಸಿಲಿಗೆ ಮೈಯೊಡ್ಡಿದ್ದರು. ಒಬ್ಬ ಹುಡುಗ ‘ಹೆಲ್ಮೆಟ್ ಧರಿಸಿ, ಜೀವ ಉಳಿಸಿ’ ಎಂಬ ಫಲಕವನ್ನು ತಲೆಕೆಳಗಾಗಿ ಹಿಡಿದು, ಅದರ ನೆರಳಲ್ಲಿ ಮುಖ ಉಳಿಸಿಕೊಳ್ಳುತ್ತಿದ್ದ. ಅವನ ಹಿಂದೆ ಬೈಕುಗಳು. ಹೆಲ್ಮೆಟ್ ಎಲ್ಲರ ಬಳಿಯೂ ಇತ್ತು, ಮೊಣಕೈಗೆ ಸಿಕ್ಕಿಸಿಕೊಂಡಿದ್ದರು. ಮೊಣಕೈಗೆ ಏಟು ಬಿದ್ದರೆ ಕಷ್ಟ, ಅಲ್ವಾ?

ಬೈಕಿನ ಭಾಗಕ್ಕೆ ರ‍್ಯಾಲಿ ಅನ್ನಬೇಕಂತೆ. ಫ್ರೆಂಚರಿಂದ ಇಂಗ್ಲಿಷರ ಕೈಗೆ ಬಂದ ಪದ. ಚದುರಿದವರನ್ನು ಮತ್ತೆ ಒಟ್ಟುಗೂಡಿಸು ಅಂತ ಅರ್ಥ. ಬೋಂಡ, ಕಾಫಿ ಇಟ್ಟಿರುವ ಮೇಜಿನ ಹತ್ತಿರ ಇದು ಚೆನ್ನಾಗಿ ನಡೆಯುತ್ತದೆ.

ಆದರೆ ನನಗೆ ತುಂಬಾ ಇಷ್ಟವಾದದ್ದು ಜುಲೂಸ್. ಅರಬ್ಬಿಯಲ್ಲಿ ಇದರ ಅರ್ಥ ಕೇಳಿದರೆ ನಗು ಬರುತ್ತದೆ: ಕೂತುಕೊಳ್ಳುವುದು! ಮಜಲಿಸ್ ಅಂದರೆ ಕೂರುವ ಜಾಗ, ಸಭೆ. ಅದರದೇ ಬಳಗ ಇದು. ಬಾದಶಹ ಪಟ್ಟಕ್ಕೆ ಕೂತರೆ ಅದು ಜುಲೂಸ್. ಮೊಗಲರ ನಾಣ್ಯಗಳಲ್ಲಿ, ಕೂತು ಎಷ್ಟನೇ ವರ್ಷ ಅಂತ ಇದೇ ಪದ ಹಾಕಿ ಅಚ್ಚೊತ್ತುತ್ತಿದ್ದರು. ಉರ್ದು, ಹಿಂದಿಗೆ ಬಂದ ಮೇಲೆ ಕೂತಿದ್ದ ಪದ ಎದ್ದು ಬೀದಿಗೆ ಬಂತು, ಮೆರವಣಿಗೆಯ ಹೆಸರಾಯಿತು.

ಅಷ್ಟು ದೂರದಿಂದ ಬಂದ ಪದ ನಮ್ಮೂರಿನಲ್ಲಿ ಮತ್ತೆ ಕೂತಿದೆ ಅನ್ನುವುದು ನನ್ನ ಸ್ವಂತ ಸಂಶೋಧನೆ. ಪುರಾವೆ ಎದುರಿಗೇ ಇತ್ತು. ಬಸ್ಸಿನ ಜನ ಕೂತಿದ್ದರು. ಬಾಡಿಗೆ ಜೀಪಿನ ಹಿಂದೆ ತೋಟದ ಕೆಲಸದ ಹೆಂಗಸರು ಒಬ್ಬರ ಮಡಿಲಲ್ಲಿ ಒಬ್ಬರು ಅನ್ನುವ ಹಾಗೆ ಕೂತಿದ್ದರು. ಇಡೀ ಊರಲ್ಲಿ ನಿಂತಿದ್ದವರು ಮುಖ್ಯ ಅತಿಥಿಗಳೊಬ್ಬರೇ. ತೆರೆದ ಜೀಪಿನಲ್ಲಿ, ಸೀಟ್ ಬೆಲ್ಟಿಗೂ ಎಟುಕದ ಎತ್ತರದಲ್ಲಿ ನಿಂತು, ಸೀಟ್ ಬೆಲ್ಟ್ ಹಾಕಿ ಎಂದು ಮೈಕಿನಲ್ಲಿ ಕೂಗುತ್ತಿದ್ದರು. ಹಾರ ಮೂಗಿನವರೆಗೂ ಬಂದಿತ್ತು.

ಕೊಡಗಿನವರಿಗೆ ದಾರಿ ಕಾಯುವುದು ಗೊತ್ತಿಲ್ಲ ಅಂತಲ್ಲ. ವಿಜಯದಶಮಿ ರಾತ್ರಿ ಮಡಿಕೇರಿಯಲ್ಲಿ ಹತ್ತು ಮಂಟಪ ಹೊರಡುತ್ತವೆ. ಹೊರಡುತ್ತವೆ ಅನ್ನುವುದು ಬಾಯಿಮಾತು. ಟ್ರ್ಯಾಕ್ಟರ್ ಮೇಲಿನ ದೇವರು, ರಾಕ್ಷಸರು ನಿಂತ ಜಾಗದಲ್ಲೇ ಯುದ್ಧ ಮಾಡುತ್ತಾರೆ, ಹೊಗೆ ಬಿಡುತ್ತಾರೆ, ಸ್ಪೀಕರಿನ ಸದ್ದಿಗೆ ನಮ್ಮ ಎದೆಯೊಳಗೆ ಗುದ್ದು ಬೀಳುತ್ತದೆ. ನಾವು ಅಂಗಡಿ ಮೆಟ್ಟಿಲ ಮೇಲೆ ಸ್ವೆಟರ್ ಹಾಕಿ ಬೆಳಗಿನವರೆಗೆ ಕೂತಿರುತ್ತೇವೆ. ಅಪ್ಪಟ ಜುಲೂಸ್! ಯಾರೂ ಗೊಣಗುವುದಿಲ್ಲ, ಯಾಕೆಂದರೆ ಮಂಟಪದವರು ಮೆರೆಯಲು ಬಂದೆವೆಂದು ಹೇಳಿಯೇ ಮೆರೆಯುತ್ತಾರೆ. ಜಾಗೃತಿ ಮೂಡಿಸುತ್ತೇವೆ ಅನ್ನುವುದಿಲ್ಲ.

ಕೊಡವರ ಮದುವೆ ನೋಡಿ. ಗಂಗಾಪೂಜೆ ಮುಗಿಸಿ ಮದುಮಗಳು ನೀರಿನ ಕೊಡ ಹೊತ್ತು ಬರುವಾಗ ಗಂಡಿನ ಕಡೆಯವರು ವಾಲಗಕ್ಕೆ ಕುಣಿಯುತ್ತಾ ದಾರಿ ಅಡ್ಡಗಟ್ಟುತ್ತಾರೆ. ಗಂಟೆಗಟ್ಟಲೆ. ಪಾಪ, ತಲೆಯ ಮೇಲೆ ಕೊಡ ಹೊತ್ತವಳು ಒಂದೊಂದೇ ಹೆಜ್ಜೆ ಬರಬೇಕು. ರಸ್ತೆ ತಡೆ ಅಂದರೆ ಅದು! ಆದರೆ ಅವಳೊಬ್ಬಳನ್ನೇ ತಡೆಯುತ್ತಾರೆ. ಆಸ್ಪತ್ರೆಗೆ ಹೊರಟ ಆಟೋವನ್ನಲ್ಲ.

ಇಷ್ಟನ್ನೂ ಡ್ರೈವರನಿಗೆ ಹೇಳಿದೆ. ಅವನು ಆಕಳಿಸಿ, ‘ಹಾಗಾದ್ರೆ ನಾವೇ ಮೆರವಣಿಗೆ ಅನ್ನಿ. ಅವ್ರು ಸುಮ್ನೆ ನೋಡೋಕೆ ಬಂದವ್ರು’ ಅಂದ.

ಕೊನೆಗೂ ದಾರಿ ಬಿಟ್ಟರು. ಮಕ್ಕಳಿಗೆ ಕೊಟ್ಟ ಜ್ಯೂಸಿನ ಪೊಟ್ಟಣಗಳು ಚರಂಡಿಯಲ್ಲಿ ಸಾಲಾಗಿ ತೇಲುತ್ತಾ ಹೋದವು. ಜಾಥಾಕ್ಕಿಂತ ಶಿಸ್ತಾಗಿ. ಪಕ್ಕದಲ್ಲಿ ಆ ಹೆಲ್ಮೆಟ್ ಫಲಕ ಬಿದ್ದಿತ್ತು. ಡ್ರೈವರ್ ಇಳಿದು ಎತ್ತಿಕೊಂಡ. ತೋಳಿನಿಂದ ಧೂಳು ಒರೆಸಿದ. ಅವನ ಸೀಟಿನ ರೆಕ್ಸಿನ್ ಹರಿದು ಸ್ಪ್ರಿಂಗ್ ಮೇಲೆ ಬಂದಿತ್ತು. ಅದರ ಮೇಲೆ ಫಲಕವನ್ನು ಎರಡು ಮಡಿಕೆ ಮಾಡಿ ಹಾಸಿದ. ಕೂತ. ಸ್ವಲ್ಪ ಅತ್ತಿತ್ತ ಜರುಗಿ ನೋಡಿದ.

‘ಈಗ ಸರಿ ಆಯ್ತು ಅಣ್ಣ’ ಅಂತ ಗೇರ್ ಹಾಕಿದ.